ಡಿಕನ್ಸ್, ಬ್ರಾಂಟೆ ಓದದವರಿಗೂ ಥರ್ಸ್‌ಡೇ ನೆಕ್ಸ್ಟ್ ಸರಣಿ ಹಿಡಿಸುತ್ತಾ?

ಇದೇ ಭಯಕ್ಕೆ ನಾನೂ ಮೊದಲ ಪುಸ್ತಕವನ್ನು ಎರಡು ವರ್ಷ ಕಪಾಟಿನಲ್ಲೇ ಇಟ್ಟಿದ್ದೆ. ಇಂಗ್ಲಿಷ್‌ನ ಹಳೇ ದೊಡ್ಡ ಕಾದಂಬರಿಗಳನ್ನು ಓದಿಲ್ಲ, ಜೋಕುಗಳು ಅರ್ಥ ಆಗುತ್ತವಾ ಅಂತ ಕೇಳಿದ್ದೀರಿ. ಕೆಲವು ಆಗಲ್ಲ. ಹೋಗಲಿ ಬಿಡಿ, ಉಳಿದವೇ ಬೇಕಾದಷ್ಟಿವೆ.

ಜಾಸ್ಪರ್ ಫೋರ್ಡ್ ಬರೆದ ಮೊದಲನೆಯದು, 'ದಿ ಐರ್ ಅಫೇರ್', 2001ರಲ್ಲಿ ಬಂತು. ಅದಕ್ಕೆ ಮುಂಚೆ ಪ್ರಕಾಶಕರು ಆತನಿಗೆ 76 ಸಲ 'ಬೇಡ' ಅಂದಿದ್ದರಂತೆ. ಕತೆ ನಡೆಯೋದು 1985ರ ಇಂಗ್ಲೆಂಡಿನಲ್ಲಿ. ಆದರೆ ಅದು ನಮಗೆ ಗೊತ್ತಿರುವ 1985 ಅಲ್ಲ. ಹತ್ತೊಂಬತ್ತನೇ ಶತಮಾನದ ಕ್ರಿಮಿಯಾ ಯುದ್ಧ ಇನ್ನೂ ಮುಗಿದಿಲ್ಲ. ಎಂದೋ ಅಳಿದುಹೋದ ಡೋಡೋ ಹಕ್ಕಿಯನ್ನು ಜನ ಮನೆಯಲ್ಲಿ ಸಾಕಿದ್ದಾರೆ. ನಮಗೆ ಸಿನಿಮಾ ಹುಚ್ಚು ಇದ್ದಂತೆ ಅವರಿಗೆ ಸಾಹಿತ್ಯದ ಹುಚ್ಚು. ಶೇಕ್ಸ್‌ಪಿಯರ್ ನಾಟಕಗಳನ್ನು ನಿಜಕ್ಕೂ ಬರೆದದ್ದು ಆ ಕಾಲದ ತತ್ವಜ್ಞಾನಿ ಫ್ರಾನ್ಸಿಸ್ ಬೇಕನ್ ಅಂತ ವಾದಿಸುತ್ತಾ ಮನೆಮನೆ ಬಾಗಿಲು ತಟ್ಟುವವರಿದ್ದಾರೆ! 'ಮೂರನೇ ರಿಚರ್ಡ್' ನಾಟಕದ ದೃಶ್ಯವೊಂದಿದೆ. ಪ್ರೇಕ್ಷಕರ ನಡುವಿನಿಂದಲೇ ಪಾತ್ರಧಾರಿಗಳನ್ನು ಆರಿಸಿ ವೇದಿಕೆಗೆ ಹತ್ತಿಸುತ್ತಾರೆ, ಉಳಿದವರು ಕೆಳಗಿನಿಂದ ಪ್ರತಿ ಸಾಲಿಗೂ ಕೂಗಿ ಉತ್ತರ ಕೊಡುತ್ತಾರೆ. ಥೇಟ್ ನಮ್ಮ ಫಸ್ಟ್ ಡೇ ಫಸ್ಟ್ ಶೋ! ಇದನ್ನು ಅನುಭವಿಸೋಕೆ ಶೇಕ್ಸ್‌ಪಿಯರ್ ಓದಿರಬೇಕಾಗಿಲ್ಲ, ಒಮ್ಮೆ ಗಾಂಧಿಬಜಾರಿನ... ಅಲ್ಲಲ್ಲ, ಗಾಂಧಿನಗರದ ಥಿಯೇಟರಿನಲ್ಲಿ ಕೂತಿದ್ದರೆ ಸಾಕು.

ನಾಯಕಿ ಥರ್ಸ್‌ಡೇ ಪೊಲೀಸಿನವಳು, ಕೆಲಸ ಸಾಹಿತ್ಯದ ಅಪರಾಧಗಳ ಪತ್ತೆ. ಖಳನಾಯಕ ಡಿಕನ್ಸ್‌ನ 'ಮಾರ್ಟಿನ್ ಚಝಲ್‌ವಿಟ್' ಹಸ್ತಪ್ರತಿಯನ್ನೇ ಕದ್ದು, ಅದರೊಳಗಿಂದ ಕ್ವೇವರ್ಲಿ ಅನ್ನೋ ಸಣ್ಣ ಪಾತ್ರವನ್ನು ಎಳೆದು ತಂದು ಕೊಂದುಬಿಡುತ್ತಾನೆ. ಮೂಲ ಪ್ರತಿಯಲ್ಲೇ ಸತ್ತ ಮೇಲೆ, ಲೋಕದ ಎಲ್ಲಾ ಪ್ರತಿಗಳಿಂದಲೂ ಆತ ಮಾಯ. ನಾನು ಪೆದ್ದು, ಲೈಬ್ರರಿಗೆ ಹೋಗಿ ಆ ದಪ್ಪ ಪುಸ್ತಕ ತೆಗೆದು, ನಿಂತುಕೊಂಡೇ ಅರ್ಧ ಗಂಟೆ ಕ್ವೇವರ್ಲಿಗಾಗಿ ಪುಟ ತಿರುಗಿಸಿದೆ. ಸಿಗಲಿಲ್ಲ. ಹೇಗೆ ಸಿಗಬೇಕು? ಆತನನ್ನು ಕೊಂದಿದ್ದಾರಲ್ಲ! ಡಿಕನ್ಸ್ ಅಂಥ ಪಾತ್ರವನ್ನು ಬರೆದೇ ಇಲ್ಲ ಅಂತ ಹೊಳೆದಾಗ, ಅಲ್ಲೇ ಒಬ್ಬನೇ ನಕ್ಕೆ. ಪಕ್ಕದಲ್ಲಿ ಪೇಪರ್ ಓದುತ್ತಿದ್ದ ಯಜಮಾನರು ಕನ್ನಡಕದ ಮೇಲಿಂದ ನೋಡಿದರು.

ಒಂದು ಪುಸ್ತಕದ ಕತೆ ಮಾತ್ರ ಮೊದಲೇ ತಿಳಿದಿರಲಿ, ಶಾರ್ಲೆಟ್ ಬ್ರಾಂಟೆಯ 'ಜೇನ್ ಐರ್'. ಪೂರ್ತಿ ಓದದಿದ್ದರೂ ಸರಿ, ಅದು ಹೇಗೆ ಮುಗಿಯುತ್ತೆ ಅನ್ನೋದು ಗೊತ್ತಿರಬೇಕು. ಥರ್ಸ್‌ಡೇ ಲೋಕದ 'ಜೇನ್ ಐರ್'ಗೆ ಬೇರೆಯದೇ ಕೊನೆ ಇದೆ, ಓದಿದವರೆಲ್ಲ ಅದಕ್ಕೆ ಗೊಣಗುತ್ತಾರೆ. ಇನ್ನು ಹೇಳಿದರೆ ಮಜಾ ಕೆಡುತ್ತೆ.

ನನಗೆ ಜಾಸ್ತಿ ಇಷ್ಟ ಆಗಿದ್ದು ಮೂರನೆಯದು, 2003ರ 'ದಿ ವೆಲ್ ಆಫ್ ಲಾಸ್ಟ್ ಪ್ಲಾಟ್ಸ್'. ಇಲ್ಲಿ ಥರ್ಸ್‌ಡೇ ಪುಸ್ತಕಗಳ ಒಳಗೇ ಬೀಡುಬಿಟ್ಟಿರುತ್ತಾಳೆ. ಅಲ್ಲಿಯೂ ಪೊಲೀಸರು, ಮೀಟಿಂಗು, ಫೈಲು, ಒಳರಾಜಕೀಯ, ಎಲ್ಲ ನಮ್ಮ ಆಫೀಸುಗಳ ಹಾಗೇ. ಕಾಗುಣಿತ ತಪ್ಪಿಸುವ ವೈರಸ್ ಬೇರೆ ಇದೆ. 'ವುದರಿಂಗ್ ಹೈಟ್ಸ್' ಕಾದಂಬರಿಯ ಪಾತ್ರಗಳನ್ನೆಲ್ಲ ಒಂದು ಕಡೆ ಕೂರಿಸಿ, ಸಿಟ್ಟು ತಡೆದುಕೊಳ್ಳೋದು ಹೇಗೆ ಅಂತ ಕೌನ್ಸೆಲಿಂಗ್ ಕೊಡುತ್ತಾರೆ. ಎಲ್ಲರಿಗೂ ಅದರ ನಾಯಕ ಹೀತ್‌ಕ್ಲಿಫ್‌ನ ಮೇಲೆ ಕೋಪ. ಬುದ್ಧಿ ಹೇಳೋಕೆ ಬಂದಿರುವವಳು ಯಾರು? ಡಿಕನ್ಸ್‌ನ ಮಿಸ್ ಹ್ಯಾವಿಶಮ್, ಮದುವೆ ಮುರಿದದ್ದಕ್ಕೆ ಜೀವಮಾನವಿಡೀ ಸಿಟ್ಟಿನಲ್ಲೇ ಕೂತವಳು. ನಾನು ಆಗಿನ್ನೂ ಹೀತ್‌ಕ್ಲಿಫ್ ಯಾರು ಅಂತ ತಿಳಿದವನಲ್ಲ. ಆದರೂ ನಗು ತಡೆಯಲಾಗಲಿಲ್ಲ. ಆಸ್ತಿ ಜಗಳಕ್ಕೆ ಸೇರಿದ ದಾಯಾದಿಗಳನ್ನು ನೋಡಿದ್ದೀರಲ್ವಾ, ಅಷ್ಟೇ.

ನಿಜವಾಗಿ ಕಷ್ಟ ಕೊಡೋದು ಕ್ಲಾಸಿಕ್ಸ್ ಅಲ್ಲ, ಪದಗಳ ಚೇಷ್ಟೆ. ಥರ್ಸ್‌ಡೇ ಪ್ರೀತಿಸುವವನ ಹೆಸರು ಲ್ಯಾಂಡನ್ ಪಾರ್ಕ್-ಲೇನ್. ಜಾಗ ಕೊಳ್ಳುವ ಮೊನಾಪಲಿ ಆಟದ ಲಂಡನ್ ಬೋರ್ಡಿನಲ್ಲಿ ಪಾರ್ಕ್ ಲೇನ್ ದುಬಾರಿ ಜಾಗ, 'ಲ್ಯಾಂಡ್ ಆನ್ ಪಾರ್ಕ್ ಲೇನ್', ಅಂದರೆ ಆ ಮನೆಗೆ ಬಂದು ನಿಲ್ಲೋದು, ಅಂತ ಜೋರಾಗಿ ಹೇಳಿ ನೋಡಿ. ಬಾಂಬೆ, ಕಲ್ಕತ್ತಾ ಕೊಳ್ಳುತ್ತಾ ಬಿಸಿನೆಸ್ ಆಡಿದ ನನಗೆ ಇದು ಹೊಳೆದದ್ದು ಮೂರನೇ ಪುಸ್ತಕದ ಹೊತ್ತಿಗೆ. ಹಾಗೇ ಇಂಗ್ಲಿಷ್‌ನ 'ಹ್ಯಾಡ್ ಹ್ಯಾಡ್' ಬಳಕೆ ಮಿತಿಮೀರಿದೆ ಅಂತ ಪುಸ್ತಕಲೋಕದ ಪೊಲೀಸರು ಸಭೆ ಸೇರಿ ಚರ್ಚಿಸುವ ಒಂದು ಪುಟವಿದೆ. ಅದನ್ನು ಕನ್ನಡಕ್ಕೆ ತರುವ ಗಂಡೆದೆ ಯಾರಿಗಿದೆಯೋ! ಬೀಚಿ, ಕೈಲಾಸಂ ಓದಿ ನಕ್ಕವರಾದರೆ ನಿಮಗೆ ಈ ರುಚಿ ಬೇಗ ಹತ್ತುತ್ತೆ.

2012ರ ಹೊತ್ತಿಗೆ ಒಟ್ಟು ಏಳು ಪುಸ್ತಕ ಬಂದವು. ಮೊದಲ ನಾಲ್ಕನ್ನು ಸಾಲಾಗಿಯೇ ಓದಿ, ಸುಮ್ನೆ ನಡುವಿನಿಂದ ಹಿಡಿಯಬೇಡಿ. ಐದನೆಯದು ನನಗೆ ಸ್ವಲ್ಪ ಎಳೆದಂತೆ ಅನಿಸಿತು. ಮೊದಲ ಪುಸ್ತಕದ ಶುರುವಿನ ಐವತ್ತು ಪುಟ ತಾಳ್ಮೆಯಿಂದ ಓದಿ, ಹೆಸರುಗಳು ಜಾಸ್ತಿ ಬರುತ್ತವೆ. ಕ್ವೇವರ್ಲಿ ಸತ್ತ ಮೇಲೆ ಕೆಳಗಿಡೋಕೆ ಆಗಲ್ಲ.