ಪರ್ಮಿಟ್ ಅರ್ಜಿ ಪೆಂಡಿಂಗ್ ಇರುವಾಗ ಊರಿಗೆ ಹೋಗಿಬಂದರೆ ಕೆನಡಾ ಪಿಆರ್‌ಗೆ ಅನುಭವ ಲೆಕ್ಕಕ್ಕೆ ಬರುತ್ತಾ?

ನೀವು ಬರೆದಿದ್ದೀರಿ: ಹತ್ತು ತಿಂಗಳ ಕೆಲಸ ಆಗಿದೆ, ವರ್ಕ್ ಪರ್ಮಿಟ್ ಮುಗಿಯುತ್ತಿದೆ, ಹೊಸದಕ್ಕೆ ಅರ್ಜಿ ಹೋಗಿದೆ, ನಡುವೆ ಊರಲ್ಲಿ ಅಕ್ಕನ ಮದುವೆ; ಪಿಆರ್‌ಗೆ, ಅಂದರೆ ಕಾಯಂ ವಾಸದ ಅನುಮತಿಗೆ, ಬೇಕಾದ ಹನ್ನೆರಡು ತಿಂಗಳ ಕೆನಡಾ ಅನುಭವ ಯಾವತ್ತು ತುಂಬುತ್ತೆ, ಓವರ್‌ಟೈಮ್ ಮಾಡಿದರೆ ಬೇಗ ಮುಗಿಯುತ್ತಾ? 2019ರಲ್ಲಿ ನಾನು ನಿಂತಿದ್ದೂ ಇಲ್ಲೇ. ಮದುವೆ ಮಾತ್ರ ತಮ್ಮನದು.

ಬೆಂಗಳೂರಿನ ಆಫೀಸಿನಿಂದಲೇ ನನ್ನನ್ನು ಟೊರಾಂಟೊಗೆ ಕಳಿಸಿದ್ದರು. 2018ರ ಜುಲೈನಲ್ಲಿ ಕೆಲಸ ಶುರು. ಪರ್ಮಿಟ್ ಒಂದು ವರ್ಷವೂ ತುಂಬುವುದಿಲ್ಲ, ಮುಂದಿನ ಮೇಗೆ ಮುಗಿಯುತ್ತಿತ್ತು. ಮುಗಿಯುವ ಮುಂಚೆಯೇ ವಿಸ್ತರಣೆಗೆ ಅರ್ಜಿ ಹಾಕಿದೆವು. ಹಾಗೆ ಹಾಕಿದರೆ ತೀರ್ಮಾನ ಬರುವವರೆಗೆ ಹಳೇ ಷರತ್ತಿನಲ್ಲೇ ಕೆಲಸ ಮಾಡಬಹುದು. ಆಗ ಇಂಪ್ಲೈಡ್ ಸ್ಟೇಟಸ್ ಅಂತಿದ್ದರು, ಈಗ ಮೇಂಟೇನ್ಡ್ ಸ್ಟೇಟಸ್. ಆ ದಿನಗಳೂ ಅನುಭವಕ್ಕೆ ಸೇರುತ್ತವೆ, ಆದರೆ ನೀವು ಕೆನಡಾ ಬಿಟ್ಟು ಹೋಗದಿದ್ದರೆ ಮಾತ್ರ.

ನಾನು ಹೋದೆ. ಪಾಸ್‌ಪೋರ್ಟಲ್ಲಿ ವೀಸಾ ಇನ್ನೂ ನಾಲ್ಕೈದು ವರ್ಷ ಇತ್ತು, ಅದನ್ನೇ ನೋಡಿಕೊಂಡು ಧೈರ್ಯವಾಗಿದ್ದೆ. ವೀಸಾ ಅನ್ನೋದು ಬಾಗಿಲವರೆಗೆ ಬರೋದಕ್ಕೆ, ಕೆಲಸ ಮಾಡೋಕೆ ಬೇಕಾಗಿದ್ದು ಪರ್ಮಿಟ್. ಇವೆರಡೂ ಬೇರೆ ಬೇರೆ ಅಂತ ಗೊತ್ತಿರಲಿಲ್ಲವೇ ಅಂದ್ರೆ, ಗೊತ್ತಿತ್ತು. ಗೊತ್ತಿದ್ದೂ ತಲೆಗೆ ಹೋಗಿರಲಿಲ್ಲ.

ವಾಪಸ್ ಬಂದಾಗ ಪಿಯರ್ಸನ್ ಏರ್‌ಪೋರ್ಟಲ್ಲಿ ಅರ್ಜಿಯ ರಶೀದಿ ತೋರಿಸಿದೆ. ಆಫೀಸರ್ ಸ್ಕ್ರೀನ್ ನೋಡಿ, ಮುದ್ರೆ ಒತ್ತಿ, ಪಕ್ಕದಲ್ಲಿ ಪೆನ್ನಲ್ಲಿ ಏನೋ ಗೀಚಿ, ಹೊಸ ಪರ್ಮಿಟ್ ಬರೋವರೆಗೆ ಕಾಯಿ ಅಂದರು. ನಾನು ಚಕ್ಕುಲಿ ಡಬ್ಬ ಕಿತ್ತುಕೊಳ್ಳುತ್ತಾರೇನೋ ಅನ್ನೋ ಚಿಂತೆಯಲ್ಲಿದ್ದೆ. ಕಾಯಿ ಅಂದ್ರೆ ಕಾಗದಕ್ಕೆ ಕಾಯಿ ಅಂದುಕೊಂಡೆ. ಅವರು ಹೇಳಿದ್ದು ಕೆಲಸ ಮಾಡದೆ ಕಾಯಿ ಅಂತ. ದೇಶ ಬಿಟ್ಟ ದಿನವೇ ಆ ಪೆಂಡಿಂಗ್ ಅರ್ಜಿಯ ರಕ್ಷಣೆ ಹೋಗಿತ್ತು, ಅರ್ಜಿ ಬದುಕಿತ್ತು ಅಷ್ಟೇ. ನಾನು ಒಳಗೆ ಬಂದಿದ್ದು ವಿಸಿಟರ್ ಆಗಿ. ಸೋಮವಾರ ಆಫೀಸಿಗೆ ಹೋದೆ. ಒಂಬತ್ತು ವಾರ ಹೋದೆ. ಎಚ್‌ಆರ್‌ನವರೂ ಪೆಂಡಿಂಗ್ ಇದೆಯಲ್ವಾ, ತೊಂದರೆ ಇಲ್ಲ ಅಂದರು.

ಆಗಸ್ಟಲ್ಲಿ ಹೊಸ ಪರ್ಮಿಟ್ ಬಂತು. ನನ್ನ ಎಕ್ಸೆಲ್ ಶೀಟಲ್ಲಿ ಹದಿಮೂರು ತಿಂಗಳು, ಒಂದು ವರ್ಷದ ಅನುಭವಕ್ಕೆ ಬೇಕಾದ 1,560 ಗಂಟೆ ದಾಟಿ ಹಸಿರು ಬಣ್ಣ. ಪಿಆರ್‌ಗೆ ಅರ್ಜಿ ಹಾಕಿ ಅಂತ ಸರ್ಕಾರದ ಆಹ್ವಾನ ಬಂತು, ಹಾಕಿದೆ. ಪ್ರಯಾಣದ ತಾರೀಖುಗಳನ್ನು ನಾನೇ ಪ್ರಾಮಾಣಿಕವಾಗಿ ತುಂಬಿದ್ದೆ, ಅದರಿಂದಲೇ ಸಿಕ್ಕಿಬಿದ್ದೆ. ಅನುಮತಿ ಇಲ್ಲದೆ ಮಾಡಿದ ಕೆಲಸ ಲೆಕ್ಕಕ್ಕಿಲ್ಲ. ಒಂಬತ್ತು ವಾರ, ಊರಲ್ಲಿದ್ದ ದಿನಗಳು ಕಳೆದರೆ ಹನ್ನೊಂದು ತಿಂಗಳೂ ಇರಲಿಲ್ಲ. 2020ರ ಜನವರಿಯಲ್ಲಿ ತಿರಸ್ಕಾರ. ಪಿಆರ್ ಹಕ್ಕಿನ ಶುಲ್ಕ 490 ಡಾಲರ್ ವಾಪಸ್ ಬಂತು, ಅರ್ಜಿ ಪರಿಶೀಲನೆಯ ಶುಲ್ಕ 550 ಹೋಯಿತು. ದುಡ್ಡು ಬಿಡಿ. ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯ ಫಲಿತಾಂಶಕ್ಕಿದ್ದ ಎರಡು ವರ್ಷ ಮುಗಿಯಿತು, ಮತ್ತೆ ಬುಕ್ ಮಾಡಿದರೆ ಕೋವಿಡ್ ಬಂದು ಸೆಂಟರ್ ಮುಚ್ಚಿತು, ವಯಸ್ಸಿನ ಅಂಕವೂ ಇಳಿಯಿತು. ಕೊನೆಗೆ ನನ್ನನ್ನು ದಡ ಸೇರಿಸಿದ್ದು 2021ರ ಫೆಬ್ರವರಿ 13ರ ಡ್ರಾ, ಅಂದರೆ ಅಂಕ ನೋಡಿ ಆಹ್ವಾನ ಕೊಡುವ ಸುತ್ತು. ಅವತ್ತು ಕಟ್-ಆಫ್ ಬರೀ 75 ಅಂಕ, ಒಂದೇ ದಿನ 27,332 ಜನರಿಗೆ ಆಹ್ವಾನ. ಅಂಥದ್ದು ಇನ್ನೊಮ್ಮೆ ಬರುತ್ತೆ ಅಂತ ಕೂರಬೇಡಿ. 2024, 2025ರಲ್ಲಿ ಕೆನೇಡಿಯನ್ ಎಕ್ಸ್‌ಪೀರಿಯನ್ಸ್ ಕ್ಲಾಸ್‌ನ, ಅಂದರೆ ಕೆನಡಾದಲ್ಲಿ ಕೆಲಸ ಮಾಡಿದ ಅನುಭವ ಇರುವವರ ವಿಭಾಗದ, ಡ್ರಾಗಳು 500ರ ಮೇಲೇ ನಿಂತಿದ್ದವು.

ಅದಕ್ಕೇ ನಿಮ್ಮ ಪ್ರಶ್ನೆಯೇ ತಪ್ಪು ಅನ್ನೋದು. ಹನ್ನೆರಡು ತಿಂಗಳು ಯಾವತ್ತು ತುಂಬುತ್ತೆ ಅಂತ ದಿನ ಎಣಿಸುತ್ತಿದ್ದೀರಿ. ಅದು ಬರೀ ಅರ್ಹತೆ, ತುಂಬಿದ ಮರುದಿನ ಯಾರೂ ಕರೆಯುವುದಿಲ್ಲ. ಅದಕ್ಕಿಂತ ಕೆಲಸ ಮಾಡಿದ ಪ್ರತಿ ವಾರಕ್ಕೂ ಅನುಮತಿ ಇತ್ತಾ ಅಂತ ನೋಡಿ. ಓವರ್‌ಟೈಮ್ ಮಾಡಿ ಬೇಗ ಮುಗಿಸ್ತೀನಿ ಅಂದಿದ್ದೀರಲ್ಲ, ಅದೂ ಆಗಲ್ಲ, ವಾರಕ್ಕೆ 30 ಗಂಟೆಗಿಂತ ಜಾಸ್ತಿ ಎಣಿಸುವುದಿಲ್ಲ. ಫುಲ್‌ಟೈಮ್ ಓದುತ್ತಿದ್ದಾಗ ಮಾಡಿದ ಕೆಲಸವನ್ನೂ ಶೀಟಿಂದ ತೆಗೆದುಬಿಡಿ.

ಮದುವೆಗೆ? ಅಷ್ಟರೊಳಗೆ ಪರ್ಮಿಟ್ ಕೈಗೆ ಬಂದರೆ ಹೋಗಿ, ಇಲ್ಲದಿದ್ದರೆ ಬೇಡ. ಹೋಗಲೇಬೇಕು ಅಂದ್ರೆ ವಾಪಸ್ ಬಂದಮೇಲೆ ಪರ್ಮಿಟ್ ಬರೋವರೆಗೆ ಲ್ಯಾಪ್‌ಟಾಪ್ ಮುಟ್ಟಬೇಡಿ, ಸಂಬಳ ಹೋದರೆ ಹೋಗಲಿ. ಏನೇ ಮಾಡಿದರೂ ಅಕ್ಕನಿಗೆ ಇವತ್ತೇ ಫೋನ್ ಮಾಡಿ ಹೇಳಿ. ಚಪ್ಪರ ಹಾಕೋ ಹೊತ್ತಿಗೆ ಹೇಳಿದರೆ ಬೇಜಾರು ಇನ್ನೂ ಜಾಸ್ತಿ.