ಸೀಟಿ ಊದುವ ಮೊದಲೇ ಹೊರಗೆ

ಪಾಳಿಯಲ್ಲಿ ದುಡಿಯುತ್ತ ಮೊದಲ ಮ್ಯಾರಥಾನ್‌ಗೆ ತಯಾರಾಗುವವರು ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಬರುವುದು ಹೊಸದಲ್ಲ. ದಾದಿಯರು ಬಂದಿದ್ದಾರೆ, ರೈಲು ಚಾಲಕರು ಬಂದಿದ್ದಾರೆ. ಬಂದವರಲ್ಲಿ ಯಾರೂ ಓಟದ ಬಗ್ಗೆ ಕೇಳಲು ಬಂದವರಲ್ಲ. ನಿದ್ದೆ ಬರುತ್ತಿಲ್ಲ, ಮನೆಯಲ್ಲಿ ರೇಗುತ್ತೇನೆ, ಎಷ್ಟು ಮಾಡಿದರೂ ಸಾಲುತ್ತಿಲ್ಲ ಎಂಬಲ್ಲಿಂದ ಮಾತು ಆರಂಭವಾಗುತ್ತದೆ. ಓಟದ ವಿಷಯ ಎರಡನೆಯ ಭೇಟಿಯಲ್ಲೋ ಮೂರನೆಯ ಭೇಟಿಯಲ್ಲೋ ಹೊರಬರುತ್ತದೆ. ಇವರೆಲ್ಲರಲ್ಲಿ ಒಬ್ಬ ಅಗ್ನಿಶಾಮಕ ಸಿಬ್ಬಂದಿಯ ಪ್ರಕರಣ ನನ್ನನ್ನು ಹೆಚ್ಚು ಕಾಡಿತು. ಅವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೂವತ್ತೈದರ ಆಸುಪಾಸಿನ ವಯಸ್ಸು, ಹತ್ತು ವರ್ಷಕ್ಕೂ ಮೀರಿದ ಸೇವೆ. 24 ಗಂಟೆ ಕರ್ತವ್ಯ, ನಂತರ 48 ಗಂಟೆ ಬಿಡುವು. ಹೆಂಡತಿಯ ಒತ್ತಾಯಕ್ಕೆ ಬಂದಿದ್ದರು. ‘ಬಿಡುವಿನ ದಿನ ಇವರು ಮನೆಯಲ್ಲಿ ಇರುತ್ತಾರೆ, ಆದರೆ ನಮ್ಮ ಜೊತೆ ಇರುವುದಿಲ್ಲ’ ಎಂದು ಆಕೆ ಮೊದಲ ದಿನ ಹೇಳಿದ್ದರು.

ಎರಡನೆಯ ಭೇಟಿಗೆ ಅವರು ನಾಲ್ಕಾಗಿ ಮಡಚಿದ ಒಂದು ಹಾಳೆ ತಂದರು. 16 ವಾರಗಳ ತರಬೇತಿಯ ವೇಳಾಪಟ್ಟಿ. ವಾರಕ್ಕೆ ಏಳು ಚೌಕ, ಭಾನುವಾರದ ಚೌಕದಲ್ಲಿ ದೀರ್ಘ ಓಟ. ಮಡಿಕೆಯ ಗೆರೆಗಳಲ್ಲಿ ಕಾಗದ ಸವೆದಿತ್ತು. ತಪ್ಪಿದ ಓಟಗಳ ಮೇಲೆ ಕೆಂಪು ಶಾಯಿಯ ಗುಣಿಸು ಗುರುತು, ಅದರ ಪಕ್ಕದಲ್ಲಿ ಬಾಣ. ಬಾಣದ ತುದಿಯಲ್ಲಿ ಮುಂದಿನ ಚೌಕಕ್ಕೆ ಸೇರಿಸಿದ ಕಿಲೋಮೀಟರ್. ಕರ್ತವ್ಯದ ದಿನ ತಪ್ಪಿದ 8 ಕಿಲೋಮೀಟರ್ ಬಿಡುವಿನ ದಿನದ 10ಕ್ಕೆ ಸೇರಿ 18 ಆಗಿತ್ತು. ‘ಸಾಲ ತೀರಿಸುತ್ತಿದ್ದೇನೆ’ ಎಂದರು.

ನಾವಿಬ್ಬರೂ ಕುಳಿತು ಒಂದು ಸಣ್ಣ ಲೆಕ್ಕ ಮಾಡಿದೆವು. ಅವರ ಪಾಳಿ ಮೂರು ದಿನಕ್ಕೊಮ್ಮೆ ತಿರುಗುತ್ತದೆ, ವಾರ ಏಳು ದಿನಕ್ಕೊಮ್ಮೆ. ಹೀಗಾಗಿ ಪ್ರತಿ ಮೂರು ಭಾನುವಾರಗಳಲ್ಲಿ ಒಂದು ಕರ್ತವ್ಯದಲ್ಲೇ ಕಳೆಯುತ್ತದೆ. ಇನ್ನೊಂದು, ಪಾಳಿ ಮುಗಿಸಿ ಹೊರಬರುವ ಬೆಳಗ್ಗೆ. ನಿಜವಾದ ಬಿಡುವಿನ ಭಾನುವಾರ ಉಳಿಯುವುದು ಒಂದೇ. ಹಾಳೆಯಲ್ಲಿ 16 ದೀರ್ಘ ಓಟಗಳಿದ್ದವು, ದಣಿವಾರಿಸಿಕೊಂಡು ಓಡಬಹುದಾದ ಭಾನುವಾರಗಳು ಐದೋ ಆರೋ ಇದ್ದವು. ಅವರು ಹಾಳೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ‘ಮಾಡುವವರು ಮಾಡುತ್ತಾರೆ’ ಎಂದು ಅದನ್ನು ಮಡಚಿ ಜೇಬಿಗಿಟ್ಟರು. ಲೆಕ್ಕ ಅವರನ್ನು ತಟ್ಟಲಿಲ್ಲ.

ಮೂರನೆಯ ಭೇಟಿಯ ಬಗ್ಗೆಯೇ ನಾನು ಬರೆಯಬೇಕಾದದ್ದು.

ಆ ದಿನ ಅವರು ಪಾಳಿ ಮುಗಿಸಿ, 22 ಕಿಲೋಮೀಟರ್ ಓಡಿ ಬಂದಿದ್ದರು. ರಾತ್ರಿ ಎರಡು ಕರೆಗಳಿದ್ದವಂತೆ. ಕುರ್ಚಿಯಲ್ಲಿ ಕುಳಿತ ಮೇಲೆ ಬಲಗಾಲಿನ ಮೀನಖಂಡವನ್ನು ಒತ್ತಿಕೊಳ್ಳುತ್ತಲೇ ಇದ್ದರು. ಏನಾಯಿತು ಎಂದು ಕೇಳಿದೆ. ಹಿಂದಿನ ವಾರ ಏಣಿಯ ಅಭ್ಯಾಸದ ವೇಳೆ ಅರ್ಧ ದಾರಿಯಲ್ಲಿ ಆ ಕಾಲು ಸೆಳೆತ ಹಿಡಿದಿತ್ತು. ಕೆಳಗಿದ್ದ ಸಹೋದ್ಯೋಗಿ ಎರಡು ಮೆಟ್ಟಿಲು ಹತ್ತಿ, ಇವರ ಬೂಟಿನ ಕೆಳಗೆ ಭುಜ ಕೊಟ್ಟು ಇಳಿಸಿದ್ದ. ಹೇಳುವಾಗ ನಾಚಿಕೆಯಿಂದ ಕಣ್ಣು ಕೆಳಗಿತ್ತು. ಅದರಿಂದ ಅವರು ತೆಗೆದ ತೀರ್ಮಾನ: ‘ನಾನು ಇನ್ನೂ ಗಟ್ಟಿಯಾಗಬೇಕು.’

ನಿದ್ದೆಯ ಬಗ್ಗೆ ಹೇಳಲು ನನ್ನ ನಾಲಿಗೆಯ ತುದಿಯಲ್ಲಿ ಎಲ್ಲವೂ ಸಿದ್ಧವಾಗಿತ್ತು. 17 ಗಂಟೆ ಸತತ ಎಚ್ಚರವಿದ್ದವರ ಕೈ–ಕಣ್ಣಿನ ಚುರುಕು, ರಕ್ತದಲ್ಲಿ ನೂರಕ್ಕೆ 0.05ರಷ್ಟು ಮದ್ಯಸಾರವಿರುವವರ ಮಟ್ಟಕ್ಕೆ ಇಳಿಯುತ್ತದೆ ಎಂದು 1997ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿದೆ. ಇಂಥ ಮಾತನ್ನು ಅವರು ತರಬೇತಿಯಲ್ಲಿ ನನಗಿಂತ ಹೆಚ್ಚು ಕೇಳಿರುತ್ತಾರೆ ಅನ್ನಿಸಿ ಸುಮ್ಮನಾದೆ. ಬದಲಿಗೆ, ನನಗೆ ನಿಜಕ್ಕೂ ಗೊತ್ತಿರದ ಒಂದನ್ನು ಕೇಳಿದೆ: ‘ಹೊಗೆ ತುಂಬಿದ ಕಟ್ಟಡದೊಳಗೆ ಹೋದಾಗ, ಹೊರಗೆ ಬರಬೇಕಾದ ಸಮಯ ನಿಮಗೆ ಹೇಗೆ ತಿಳಿಯುತ್ತದೆ?’

ಬೆನ್ನು ನೆಟ್ಟಗಾಯಿತು. ಧ್ವನಿಯೂ ಬದಲಾಯಿತು. ಬೆನ್ನಿನ ಸಿಲಿಂಡರ್‌ನಲ್ಲಿ 300 ಬಾರ್ ಒತ್ತಡದ ಗಾಳಿ ಇರುತ್ತದೆ, ಎಡ ಭುಜದಿಂದ ಎದೆಯ ಮೇಲೆ ಮಾಪಕ ಇಳಿಬಿದ್ದಿರುತ್ತದೆ ಎಂದು ವಿವರಿಸುತ್ತ, ಇಲ್ಲದ ಮಾಪಕವನ್ನು ಎಡಗೈಯಿಂದ ಎತ್ತಿ ನೋಡಿ ತೋರಿಸಿದರು. ಕಾಗದದ ಮೇಲೆ ಸಿಲಿಂಡರ್‌ಗೆ ಇಷ್ಟು ನಿಮಿಷ ಎಂದಿದ್ದರೂ ಏದುಸಿರು ಬಿಡುತ್ತ ದುಡಿಯುವವನಿಗೆ ಅಷ್ಟು ಬಾರದು. ಸುಮಾರು 55 ಬಾರ್‌ಗೆ ಇಳಿದಾಗ ಉಪಕರಣವೇ ಸೀಟಿ ಊದುತ್ತದೆ. ‘ಆಗ ಹೊರಗೆ ಬರುತ್ತೀರಾ?’ ಎಂದೆ. ನನ್ನ ಪ್ರಶ್ನೆ ಅವರಿಗೆ ಸರಿ ಕಾಣಲಿಲ್ಲ. ‘ಇಲ್ಲ ಮೇಡಂ, ಆಗ ಹೊರಗೆ ಇರಬೇಕು. ಬಂದಷ್ಟೇ ದೂರ ವಾಪಸು ಹೋಗಬೇಕಲ್ಲ. ಸೀಟಿ ಊದುವವರೆಗೆ ಒಳಗೆ ನಿಂತವನು ಧೈರ್ಯವಂತನಲ್ಲ. ಅವನನ್ನು ಹುಡುಕಲು ಇನ್ನಿಬ್ಬರು ಒಳಗೆ ಹೋಗಬೇಕಾಗುತ್ತದೆ.’

ಎಡಗೈ ಎದೆಯ ಮೇಲೆ, ಆ ಮಾಪಕ ಇರಬೇಕಾದ ಜಾಗದಲ್ಲೇ ಉಳಿಯಿತು. ನಾನು ಏನೂ ಸೇರಿಸಲಿಲ್ಲ. ಸ್ವಲ್ಪ ಹೊತ್ತಿನ ನಂತರ ‘ಅಂದರೆ ಅವನು ಆ ದಿನ ಏಣಿ ಹತ್ತಿ...’ ಎಂದವರು ಮಾತು ಪೂರ್ತಿ ಮಾಡಲಿಲ್ಲ. ಅವರ ಕಣ್ಣು ತುಂಬಿತ್ತು.

ಆ ಮೇಲೆ ಕೊಟ್ಟ ಸಲಹೆ ಸರಳ. ಏಳು ದಿನದ ಹಾಳೆಯನ್ನು ಬಿಟ್ಟು, ಪಾಳಿಗೆ ಹೊಂದುವ ಒಂಬತ್ತು ದಿನದ ಸುತ್ತು ಹಾಕಿಕೊಳ್ಳಿ. ಅದರಲ್ಲಿ ಮೂರು ಕರ್ತವ್ಯದ ದಿನಗಳು, ಅಂದು ಓಟವಿಲ್ಲ. ಪಾಳಿ ಮುಗಿದ ಮೂರು ದಿನಗಳಲ್ಲಿ ಮೊದಲು ನಿದ್ದೆ, ಸಂಜೆಗೆ ದೇಹ ಒಪ್ಪಿದರೆ ಮಾತಾಡುತ್ತ ಓಡಬಹುದಾದಷ್ಟು ನಿಧಾನದ ಓಟ. ಉಳಿದ ಮೂರು ದಿನಗಳಲ್ಲಿ ಒಂದಕ್ಕೆ ದೀರ್ಘ ಓಟ, ಒಂದಕ್ಕೆ ತುಸು ಬಿರುಸಿನದು, ಒಂದು ಪೂರ್ತಿ ಮನೆಗೆ. ತಪ್ಪಿದ ಓಟ ತಪ್ಪಿತು, ಬಾಣ ಎಳೆಯುವುದು ಬೇಡ. ಪ್ರತಿ ಚೌಕದಲ್ಲಿ ಕಿಲೋಮೀಟರ್ ಜೊತೆ ಮಲಗಿದ ಗಂಟೆಗಳನ್ನೂ ಬರೆಯಿರಿ, ಎದ್ದ ಕೂಡಲೇ ನಾಡಿ ಎಣಿಸಿ. ಅದು ದಿನದಿಂದ ದಿನಕ್ಕೆ ಏರುತ್ತಿದ್ದರೆ ದೇಹ ಚೇತರಿಸಿಕೊಂಡಿಲ್ಲ. 16 ವಾರದಲ್ಲಿ ಆಗದಿದ್ದರೆ ಮುಂದಿನ ಓಟಕ್ಕೆ ಹೆಸರು ಕೊಡಿ.

ಒಂದು ವಿಷಯದಲ್ಲಿ ಮಾತ್ರ ಹಟ ಹಿಡಿದೆ: ಮೊದಲು ವೈದ್ಯರ ಬಳಿ ಹೃದಯದ ತಪಾಸಣೆ. ‘ನಾನು ಓಡುತ್ತೇನೆ, ನನಗೇಕೆ?’ ಎಂದು ಅವರಿಗೆ ಬೇಸರವಾಯಿತು. ಅಮೆರಿಕದ ಅಗ್ನಿಶಾಮಕ ಸಿಬ್ಬಂದಿಯ ಕರ್ತವ್ಯದ ವೇಳೆಯ ಸಾವುಗಳನ್ನು ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚಿನವು ಹೃದ್ರೋಗದಿಂದ ಆದವು. ಗಾಢ ನಿದ್ದೆಯಿಂದ ಗಂಟೆಯ ಸದ್ದಿಗೆ ಎದ್ದು, ಇಪ್ಪತ್ತು ಕಿಲೋಗೂ ಹೆಚ್ಚಿನ ಸಾಮಗ್ರಿ ಹೊತ್ತು, ಬೆಂಕಿಯ ಶಾಖದಲ್ಲಿ ದುಡಿಯುವ ಎದೆಗೆ ಯಾವ ರಿಯಾಯಿತಿಯೂ ಇಲ್ಲ. ಇದನ್ನು ಹೇಳಿದ್ದಕ್ಕೆ ಅವರು ಮುನಿಸಿಕೊಂಡರೂ ನಾನು ಹಿಂದೆ ಸರಿಯುತ್ತಿರಲಿಲ್ಲ.

ನನ್ನ ವೃತ್ತಿಯ ಕೆಲವರು ಇದನ್ನು ಕೇಳಿ ಎರಡು ಆಕ್ಷೇಪ ಎತ್ತಿದರು. ಓಟದ ವೇಳಾಪಟ್ಟಿ ಆಪ್ತಸಲಹೆಗಾರರ ಕೆಲಸವಲ್ಲ ಎನ್ನುವುದು ಒಂದು. ಓಟದ ತಂತ್ರ ಕಲಿಸುವುದು ನನ್ನ ಕೆಲಸವಲ್ಲ, ಒಪ್ಪುತ್ತೇನೆ. ಆದರೆ ಆ ಮನುಷ್ಯ ತನ್ನನ್ನು ತಾನು ಶಿಕ್ಷಿಸುತ್ತಿದ್ದದ್ದು ಆ ಹಾಳೆಯ ಮೇಲೆಯೇ. ಅದನ್ನು ಮೇಜಿನ ಕೆಳಗೆ ತಳ್ಳಿ ‘ನಿಮ್ಮ ಭಾವನೆಗಳ ಬಗ್ಗೆ ಹೇಳಿ’ ಎಂದಿದ್ದರೆ ಅವರು ನಾಲ್ಕನೆಯ ಬಾರಿ ಬರುತ್ತಿರಲಿಲ್ಲ. ಇನ್ನೊಂದು ಆಕ್ಷೇಪ, ಮ್ಯಾರಥಾನ್ ಬಿಟ್ಟುಬಿಡಿ ಎಂದು ನೇರವಾಗಿ ಏಕೆ ಹೇಳಲಿಲ್ಲ ಎಂದು. ಹೇಳಬಹುದಿತ್ತು. ಆದರೆ ಹತ್ತು ವರ್ಷ ಬೇರೆಯವರ ಕರೆಗೆ ಓಡಿದವರು, ಯಾರೂ ಕರೆಯದೆ ಓಡುವ 42.195 ಕಿಲೋಮೀಟರ್ ಅನ್ನು ತಮಗಾಗಿ ಕೇಳಿಕೊಂಡಿದ್ದರು. ಅದನ್ನು ಕಿತ್ತುಕೊಂಡರೆ ಮನೆಗೆ ಮರಳುವುದು ನೆಮ್ಮದಿಯ ಗಂಡನಲ್ಲ, ಇನ್ನೊಂದನ್ನೂ ಸೋತೆ ಎಂದುಕೊಂಡ ಗಂಡ. ಇದು ನನ್ನ ದೃಢ ನಂಬಿಕೆ. ತಪಾಸಣೆಯ ವರದಿ ಬೇರೆ ಹೇಳಿದ್ದರೆ ನನ್ನ ಮಾತೂ ಬೇರೆಯಾಗುತ್ತಿತ್ತು. ವರದಿ ಸರಿಯಾಗಿಯೇ ಬಂತು.

ಅವರು ಮೊದಲು ಗೊತ್ತುಮಾಡಿಕೊಂಡಿದ್ದ ಓಟವನ್ನು ಬಿಟ್ಟು, ನಾಲ್ಕು ತಿಂಗಳ ನಂತರದ ಇನ್ನೊಂದಕ್ಕೆ ಹೆಸರು ಕೊಟ್ಟಿದ್ದಾರೆ. ಅದರ ಹಿಂದಿನ ರಾತ್ರಿ ಅವರ ಪಾಳಿ ಬೀಳುತ್ತದೆ. ಏಣಿಯ ಕೆಳಗೆ ಭುಜ ಕೊಟ್ಟವನೇ ಅಂದಿನ ಪಾಳಿಯನ್ನು ಬದಲಿಸಿಕೊಳ್ಳಲು ಒಪ್ಪಿದ್ದಾನೆ, ಮೇಲಧಿಕಾರಿಯ ಅನುಮತಿಯೂ ಸಿಕ್ಕಿದೆ. ಸಿಡುಕು ಪೂರ್ತಿ ಹೋಗಿಲ್ಲ. ಕರೆಗಳು ಹೆಚ್ಚಿದ್ದ ಪಾಳಿಯ ಮರುದಿನ ಈಗಲೂ ಮನೆಯಲ್ಲಿ ಮಾತು ಕಡಿಮೆ ಎಂದು ಹೆಂಡತಿ ಹೇಳುತ್ತಾರೆ.

ಕಳೆದ ಭೇಟಿಗೆ ಹೊಸ ಹಾಳೆ ತಂದಿದ್ದರು, ಒಂಬತ್ತು ಚೌಕದ್ದು. ಬಾಣಗಳಿರಲಿಲ್ಲ. ಒಂದು ಚೌಕದಲ್ಲಿ 26 ಕಿಲೋಮೀಟರ್ ಎಂದಿತ್ತು, ಅವರು ಈವರೆಗೆ ಓಡಿದ ಅತಿ ಹೆಚ್ಚು ದೂರ. ಅವರ ಬೆರಳು ಅದನ್ನು ದಾಟಿ ಅದರ ಹಿಂದಿನ ದಿನದ ಚೌಕದ ಮೇಲೆ ನಿಂತಿತು. ಪಾಳಿ ಮುಗಿದ ದಿನದ್ದು. ಓಟದ ಜಾಗ ಖಾಲಿ, ನಿದ್ದೆಯ ಜಾಗದಲ್ಲಿ ಆರೂವರೆ ಎಂದು ಬರೆದಿತ್ತು. ‘ಇದನ್ನು ನೋಡಿ ಮೇಡಂ’ ಎಂದರು.