ಹೊಟ್ಟೆಬಾಕ ಹೋರಿಯನ್ನು ಪತ್ತೆ ಹಚ್ಚುವುದು ಹೇಗೆ?

ಪ್ರಶ್ನೆ: ನಮ್ಮದು ಹಾವೇರಿ ಕಡೆ. ಊರಲ್ಲಿ ಬ್ರಾಯ್ಲರ್ ಕೋಳಿ ಸಾಕುತ್ತಿದ್ದಾಗ ಎಫ್‌ಸಿಆರ್ ಒಂದನ್ನೇ ನೋಡುತ್ತಿದ್ದೆವು, ಒಂದು ಕೆ.ಜಿ. ತೂಕಕ್ಕೆ ಎಷ್ಟು ಕೆ.ಜಿ. ಫೀಡ್ ಹೋಯಿತು ಎಂಬ ಲೆಕ್ಕ. ಈಗ ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್‌ನಲ್ಲಿ, ಮಾಂಸಕ್ಕಾಗಿ ಆಂಗಸ್ ದನ ಸಾಕುವ ಫಾರ್ಮಿನಲ್ಲಿದ್ದೇನೆ. ಇಲ್ಲಿ ಬೀಜದ ಹೋರಿ ಕೊಳ್ಳುವಾಗ ಕ್ಯಾಟಲಾಗಿನಲ್ಲಿ ಎನ್‌ಎಫ್‌ಐ ಎಂಬ ಅಂಕಿ ನೋಡುತ್ತಾರೆ. ಅದು ಮೈನಸ್ ಇದ್ದಷ್ಟೂ ಒಳ್ಳೆಯದಂತೆ. ಎಫ್‌ಸಿಆರ್ ಯಾಕೆ ಸಾಲದು ಸರ್? ಎನ್‌ಎಫ್‌ಐಯನ್ನು ನಾವೇ ಅಳೆಯಬಹುದೇ?

ಉತ್ತರ: ಬ್ರಾಯ್ಲರ್ ಶೆಡ್ಡಿನಲ್ಲಿ ಎಲ್ಲ ಮರಿಗಳೂ ಒಂದೇ ದಿನದವು, ಆರು ವಾರದೊಳಗೆ ಮಾರಾಟ. ತಾಯಿಕೋಳಿಯ ಮೇವಿನ ಖರ್ಚು ನಿಮ್ಮ ಲೆಕ್ಕಕ್ಕೆ ಬರುವುದೇ ಇಲ್ಲ. ಅಲ್ಲಿ ಎಫ್‌ಸಿಆರ್ ಧಾರಾಳವಾಗಿ ಸಾಕು. ದನದ ಕತೆ ಬೇರೆ. ನೀವು ಕೊಂಡ ಹೋರಿಯ ಹೆಣ್ಣುಕರುಗಳು ಹಸುಗಳಾಗಿ ವರ್ಷಗಟ್ಟಲೆ ನಿಮ್ಮ ಹುಲ್ಲು ಮೇಯುತ್ತವೆ. ಬೇಗ ಬೆಳೆಯುವ ಹೋರಿಯ ಎಫ್‌ಸಿಆರ್ ಸಹಜವಾಗಿಯೇ ಚೆನ್ನಾಗಿ ಕಾಣುತ್ತದೆ. ಅದನ್ನೇ ನಂಬಿ ಆರಿಸುತ್ತಾ ಹೋದರೆ ಮಂದೆಯಲ್ಲಿ ದೊಡ್ಡ ಮೈಯ ಹಸುಗಳು ತುಂಬುತ್ತವೆ. ದೊಡ್ಡ ಮೈ ಸುಮ್ಮನೆ ನಿಂತಿದ್ದರೂ ಹೆಚ್ಚು ಮೇವು ಬೇಡುತ್ತದೆ.

ಈ ತೊಡಕಿಗೆ 1963ರಲ್ಲಿ ಅಮೆರಿಕದ ರಾಬರ್ಟ್ ಕೋಚ್ ಮತ್ತು ಸಂಗಡಿಗರು ಒಂದು ದಾರಿ ತೋರಿಸಿದರು. ಒಟ್ಟಿಗೆ ಸಾಕಿದ ಗುಂಪಿನ ಲೆಕ್ಕ ಹಿಡಿದು, ಇಷ್ಟು ತೂಕದ, ದಿನಕ್ಕೆ ಇಷ್ಟು ಬೆಳೆಯುವ ಪ್ರಾಣಿ ಎಷ್ಟು ತಿನ್ನಬೇಕಿತ್ತು ಎಂದು ಅಂದಾಜು ಮಾಡಬೇಕು. ನಿಜವಾಗಿ ತಿಂದದ್ದರಿಂದ ಅದನ್ನು ಕಳೆಯಬೇಕು. ಉಳಿದದ್ದಕ್ಕೆ ಆರ್‌ಎಫ್‌ಐ (ರೆಸಿಡ್ಯುಯಲ್ ಫೀಡ್ ಇನ್‌ಟೇಕ್) ಎಂದು ಹೆಸರು. ನಿಮ್ಮಲ್ಲಿ ಅದನ್ನೇ ಎನ್‌ಎಫ್‌ಐ (ನೆಟ್ ಫೀಡ್ ಇನ್‌ಟೇಕ್) ಎನ್ನುತ್ತಾರೆ. ಮೈನಸ್ ಎಂದರೆ ತಿನ್ನಬೇಕಾದ್ದಕ್ಕಿಂತ ಕಡಿಮೆ ತಿಂದೇ ಅಷ್ಟು ಬೆಳೆದಿದೆ.

ಉದಾಹರಣೆಗೆ ಎರಡು ಹೋರಿಗಳನ್ನು ಊಹಿಸಿಕೊಳ್ಳಿ. ಮೊದಲನೆಯದು 400 ಕೆ.ಜಿ., ದಿನಕ್ಕೆ 1.4 ಕೆ.ಜಿ. ಬೆಳೆಯುತ್ತದೆ, 10.1 ಕೆ.ಜಿ. ಒಣಾಂಶ (ನೀರಿನಂಶ ಕಳೆದ ಮೇವು) ತಿನ್ನುತ್ತದೆ. ಎರಡನೆಯದು 500 ಕೆ.ಜಿ., ಬೆಳವಣಿಗೆ 1.9, ತಿನ್ನುವುದು 13.5. ಎಫ್‌ಸಿಆರ್ ಕ್ರಮವಾಗಿ 7.2 ಮತ್ತು 7.1. ಎರಡನೆಯದೇ ಗೆದ್ದಿತು. ಈಗ ಗುಂಪಿನ ಲೆಕ್ಕದಂತೆ ಮೊದಲನೆಯದು 10.8, ಎರಡನೆಯದು 13.1 ತಿನ್ನಬೇಕಿತ್ತು ಎಂದಿರಲಿ. ಮೊದಲನೆಯದರ ಎನ್‌ಎಫ್‌ಐ ಮೈನಸ್ 0.7, ಎರಡನೆಯದರದ್ದು ಪ್ಲಸ್ 0.4. ಹೊಟ್ಟೆಬಾಕ ಯಾವುದು ಎಂಬುದು ಈಗ ಗೊತ್ತಾಯಿತಲ್ಲ!

ಈ ಗುಣ ಕರುಗಳಿಗೆ ಇಳಿಯುತ್ತದೆಯೇ ಎಂಬ ಪರೀಕ್ಷೆ ನಡೆದದ್ದು ನಿಮ್ಮ ರಾಜ್ಯದಲ್ಲೇ. ಟ್ರ್ಯಾಂಗಿ ಸಂಶೋಧನಾ ಕೇಂದ್ರದಲ್ಲಿ 1990ರ ದಶಕದಲ್ಲಿ ಕಡಿಮೆ ಎನ್‌ಎಫ್‌ಐನ ದನಗಳನ್ನೂ ಹೆಚ್ಚಿನವನ್ನೂ ಬೇರೆ ಬೇರೆ ಸಾಲುಗಳಾಗಿ ಬೆಳೆಸಿದರು. ಸುಮಾರು ಐದು ವರ್ಷಗಳ ಆಯ್ಕೆಯ ಬಳಿಕ ಕಡಿಮೆ ಎನ್‌ಎಫ್‌ಐ ಸಾಲಿನ ಸಂತತಿ ದಿನಕ್ಕೆ 9.4 ಕೆ.ಜಿ. ತಿಂದರೆ ಹೆಚ್ಚಿನ ಸಾಲಿನದ್ದು 10.6 ಕೆ.ಜಿ. ತಿನ್ನುತ್ತಿತ್ತು. ಒಂದು ವರ್ಷದ ವಯಸ್ಸಿನ ತೂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ.

ಇನ್ನು ಅಳತೆ. ತಲೆನೋವು ಇರುವುದೇ ಇಲ್ಲಿ. ಗುಂಪಿಗೆ ಎಷ್ಟು ಮೇವು ಹಾಕಿದಿರಿ ಎಂಬುದರಿಂದ ಉಪಯೋಗವಿಲ್ಲ, ಪ್ರತಿ ಹೋರಿ ಎಷ್ಟು ತಿಂದಿತು ಎಂಬುದು ಬೇಕು. ಪರೀಕ್ಷಾ ಕೇಂದ್ರಗಳಲ್ಲಿ ಮೇವಿನ ತೊಟ್ಟಿಯೇ ತೂಕದ ಯಂತ್ರದ ಮೇಲೆ ಕೂತಿರುತ್ತದೆ. ಹೋರಿ ತಲೆ ಹಾಕಿದೊಡನೆ ಯಂತ್ರ ಅದರ ಕಿವಿಯೋಲೆಯ ಎಲೆಕ್ಟ್ರಾನಿಕ್ ಚಿಪ್‌ನಿಂದ ಗುರುತು ಹಿಡಿದು, ತೊಟ್ಟಿಯಲ್ಲಿ ಕಡಿಮೆಯಾದ ತೂಕವನ್ನು ಅದರ ಹೆಸರಿಗೆ ಬರೆದುಕೊಳ್ಳುತ್ತದೆ. ಮೇವಿನ ನೀರಿನಂಶ ಕಳೆದು ಒಣಾಂಶದಲ್ಲೇ ಲೆಕ್ಕ ಹಾಕಬೇಕು, ಇಲ್ಲವಾದರೆ ಸೈಲೇಜ್ (ಹುದುಗಿಸಿಟ್ಟ ಹಸಿ ಮೇವು) ತಿಂದವುಗಳ ಅಂಕಿ ವಿನಾಕಾರಣ ಏರುತ್ತದೆ. ಹೊಸ ಜಾಗಕ್ಕೆ ಒಗ್ಗಲು 21 ದಿನ, ಆಮೇಲೆ 70 ದಿನದ ಪರೀಕ್ಷೆ ಎಂಬುದು ಹಳೆಯ ರೂಢಿ. ತಿನ್ನುವ ಪ್ರಮಾಣ ತಿಳಿಯಲು 35 ದಿನವೂ ಸಾಕು. ತೂಕವೇ ಸತಾಯಿಸುವುದು. ಹೊಟ್ಟೆ ತುಂಬ ನೀರು ಕುಡಿದು ಬಂದ ಹೋರಿಯ ತೂಕ ಬೆಳಗಿನಿಂದ ಸಂಜೆಗೇ ಹತ್ತಾರು ಕೆ.ಜಿ. ಏರುಪೇರಾಗುತ್ತದೆ, ಅದನ್ನು ಬೆಳವಣಿಗೆ ಎಂದು ಬರೆದುಕೊಂಡರೆ ಮುಗಿಯಿತು!

ಹಾಗಾಗಿ ನಿಮ್ಮ ಫಾರ್ಮಿನಲ್ಲೇ ಮಾಡುವ ಯೋಚನೆ ಬಿಡಿ. ಹತ್ತು ಹನ್ನೆರಡು ಹೋರಿಗಳಿಂದ ನಂಬಬಹುದಾದ ಗುಂಪಿನ ಲೆಕ್ಕವೇ ಹೊರಡುವುದಿಲ್ಲ, ಒಂದು ಕೇಂದ್ರದ ಕಚ್ಚಾ ಅಂಕಿಯನ್ನು ಇನ್ನೊಂದರ ಜತೆ ಹೋಲಿಸಲೂ ಬಾರದು. ಕ್ಯಾಟಲಾಗಿನಲ್ಲಿರುವುದು ಕಚ್ಚಾ ಅಂಕಿಯಲ್ಲ, ಬಂಧು ಬಳಗದ ದಾಖಲೆ, ಡಿಎನ್‌ಎ ಪರೀಕ್ಷೆಗಳನ್ನು ಸೇರಿಸಿ ಕಟ್ಟಿದ ತಳಿ ಮೌಲ್ಯ, ಅಂದರೆ ಕರುಗಳಿಗೆ ಆ ಗುಣ ಎಷ್ಟು ಇಳಿಯಬಹುದು ಎಂಬ ಅಂದಾಜು. ಅದರ ಜತೆಗೇ ಶೇಕಡಾವಾರು ನಿಖರತೆ ಮುದ್ರಿಸಿರುತ್ತಾರೆ. ಅದು ಕಡಿಮೆಯಿದ್ದರೆ, ಮೈನಸ್ ಎಷ್ಟೇ ದೊಡ್ಡದಿರಲಿ, ನಾನಂತೂ ಆ ಹೋರಿಗೆ ಹೆಚ್ಚು ಬೆಲೆ ಕೊಡಲಾರೆ.

ಮೈನಸ್ ಒಂದನ್ನೇ ಬೆನ್ನಟ್ಟಲೂ ಬೇಡಿ. ಕಡಿಮೆ ಎನ್‌ಎಫ್‌ಐನ ದನಗಳ ಮೈಯಲ್ಲಿ ಕೊಬ್ಬು ತುಸು ಕಡಿಮೆ. ನಿಮ್ಮ ಕಡೆ ಮಳೆ ಕೈಕೊಟ್ಟ ವರ್ಷ ಹಸುವನ್ನು ದಾಟಿಸುವುದು ಆ ಕೊಬ್ಬೇ. ಕ್ಯಾಟಲಾಗಿನಲ್ಲಿ ಎನ್‌ಎಫ್‌ಐ ನೋಡಿದ ಮೇಲೆ ಬೆನ್ನಿನ ಕೊಬ್ಬು, ಹೋರಿಯ ಹೆಣ್ಣು ಸಂತತಿ ಕರು ಹಾಕಲು ಹಿಡಿಯುವ ಅವಧಿ, ಪೂರ್ತಿ ಬೆಳೆದ ಹಸುವಿನ ತೂಕ ಈ ಮೂರು ಅಂಕಿಗಳನ್ನೂ ನೋಡಿ, ಆಮೇಲೆ ಹರಾಜಿನಲ್ಲಿ ಕೈ ಎತ್ತಿ.